ಕಟ್ಟೆ ಏರಿದ ಈಳಿಗೆ ಮಣೆ

ಚಾಕುವಿನಲ್ಲಿ ಹೆಚ್ಚುವಾಗ ಒಂದು ಕೈ ತರಕಾರಿಗೆ, ಒಂದು ಕೈ ಚಾಕುವಿಗೆ. ಈಳಿಗೆ ಮಣೆಯಲ್ಲಿ ಹಾಗಲ್ಲ. ಮಣೆಯನ್ನು ಕಾಲು ಒತ್ತಿ ಹಿಡಿದಿರುತ್ತದೆ, ಅಲಗು ನಿಂತಲ್ಲೇ ನಿಂತಿರುತ್ತದೆ, ಎರಡೂ ಕೈ ತರಕಾರಿಗೇ ಮೀಸಲು. ಸಿಹಿಗುಂಬಳವನ್ನು ಚಾಕುವಿನಲ್ಲಿ ಸೀಳಲು ಹೋಗಿ ಮಣಿಕಟ್ಟು ನೋಯಿಸಿಕೊಂಡವರಿಗೆ ಇದರ ಬೆಲೆ ಗೊತ್ತು. ಇಲ್ಲಿ ಬಲ ಬರುವುದು ತೋಳು, ಭುಜಗಳಿಂದ. ತುದಿಯಲ್ಲಿ ಹಲ್ಲುಗಳಿದ್ದರೆ ಕಾಯಿತುರಿಯೂ ಅಲ್ಲೇ ಸಿದ್ಧ. ಕರಾವಳಿಯ ಕಡೆ ಇದು ಮೆಟ್ಟುಕತ್ತಿ. ಮೆಟ್ಟಿ ಹಿಡಿಯುವ ಕತ್ತಿ ಎಂದು ಬಳಸುವ ಕ್ರಮವನ್ನೇ ಹೆಸರು ಮಾಡಿಟ್ಟಿದ್ದಾರೆ.

ತೊಡಕು ನೆಲದ್ದು. ಅಡುಗೆಮನೆಗೆ ಕಟ್ಟೆ ಬಂದ ಮೇಲೆ ಈಳಿಗೆ ಅಟ್ಟ ಸೇರಿತು. ನಮ್ಮತ್ತೆಯವರಿಗೆ ಮಂಡಿನೋವು ಶುರುವಾದಾಗ, ಕೆಳಗೆ ಕೂರಲಾಗದು, ಚಾಕು ಕೈಗೆ ಒಗ್ಗದು ಎಂಬ ಸ್ಥಿತಿ. ಆಗ ಮನೆಗೆ ಬಂದದ್ದು ಕಟ್ಟೆಯ ಅಂಚಿಗೆ ಸ್ಕ್ರೂ ತಿರುಗಿಸಿ ಬಿಗಿಯುವ ಈಳಿಗೆ. ಕಾಲಿನ ಕೆಲಸವನ್ನು ಸ್ಕ್ರೂ ಮಾಡುತ್ತದೆ, ಅಷ್ಟೇ ವ್ಯತ್ಯಾಸ.

ಕೊಳ್ಳುವ ಮೊದಲು

ಅಂಗಡಿಗೆ ಹೋಗುವ ಮುನ್ನ ಕಟ್ಟೆಯ ಅಂಚಿನ ದಪ್ಪ ಅಳೆದುಕೊಳ್ಳಿ. ಗ್ರಾನೈಟಿನ ಅಂಚಿಗೆ ಇನ್ನೊಂದು ಪಟ್ಟಿ ಅಂಟಿಸಿದ್ದರೆ ಕ್ಲ್ಯಾಂಪ್ ಬಾಯಿ ಸಾಲದೆ ಹೋಗಬಹುದು. ಕೆಳಗಿನ ಕಪಾಟಿನ ಬಾಗಿಲಿಗೆ ಸ್ಕ್ರೂ ತಾಗುತ್ತದೆಯೇ ನೋಡಿ. ಅಂಗಡಿಯಲ್ಲಿ ಅಲಗನ್ನು ಮೊಂಡು ಬೆನ್ನಿನ ಕಡೆಯಿಂದ ಹಿಡಿದು ಅಲ್ಲಾಡಿಸಿ. ಬುಡದ ಬೋಲ್ಟಿನಲ್ಲಿ ಒಂದಿಷ್ಟು ಸಡಿಲ ಕಂಡರೂ ಬೇಡ. ಮಡಚುವ ಅಲಗೇ ಒಳ್ಳೆಯದು.

ಕಬ್ಬಿಣವೋ ಸ್ಟೀಲೋ? ಕಬ್ಬಿಣ ಮನೆಯ ಸಾಣೆಕಲ್ಲಿಗೇ ಬೇಗ ಹರಿತವಾಗುತ್ತದೆ, ಆದರೆ ತುಕ್ಕು ಹಿಡಿಯುತ್ತದೆ, ಬಾಳೆಕಾಯಿ, ಬಾಳೆಹೂವುಗಳನ್ನು ಕಪ್ಪು ಮಾಡುತ್ತದೆ. ದಿನಾ ಒರೆಸಿ ಎಣ್ಣೆ ಸವರುವ ತಾಳ್ಮೆ ಇಲ್ಲದವರು ಸ್ಟೀಲ್ ಕೊಳ್ಳಲಿ. ನನ್ನದು ಸ್ಟೀಲೇ.

ಹೆಚ್ಚುವ ಕ್ರಮ

ಮೊದಲು ಬಟ್ಟೆಯಿಂದ ಅಂಚು ಒರೆಸಿ, ಅಲಗು ಮಡಚಿದ್ದಂತೆಯೇ ಕ್ಲ್ಯಾಂಪ್ ಬಿಗಿಯಿರಿ. ಗ್ರಾನೈಟ್ ನುಣುಪಾಗಿದ್ದರೆ ನಡುವೆ ಹಳೆಯ ಸೈಕಲ್ ಟ್ಯೂಬಿನ ತುಂಡು ಇಡಿ. ಮಣೆಯನ್ನು ಜಗ್ಗಿ ನೋಡಿ, ಅಲುಗದಿದ್ದರೆ ಮಾತ್ರ ಅಲಗು ಬಿಚ್ಚಿ. ಹರಿತ ನಿಮ್ಮ ಕಡೆಗಿರಬೇಕು, ತರಕಾರಿ ನಿಮ್ಮಿಂದ ಆಚೆಗೆ ಸಾಗಬೇಕು. ಕೆಳಗೆ ಅಗಲ ಬಾಯಿಯ ಪಾತ್ರೆ.

ಕುಂಬಳಕಾಯಿಯನ್ನು ಎರಡೂ ಕೈಯಿಂದ ಇಕ್ಕೆಲಗಳಲ್ಲಿ ಹಿಡಿದು, ಅಲಗಿನ ಮೇಲ್ಭಾಗಕ್ಕೆ ತಾಗಿಸಿ, ಒತ್ತುತ್ತ ಕೆಳಕ್ಕೆ ಜಾರಿಸಿ. ಹೆಬ್ಬೆರಳು ಅಲಗಿನ ದಾರಿಯಲ್ಲಿರಬಾರದು. ಬೀನ್ಸಾದರೆ ಒಂದು ಹಿಡಿ ತುದಿ ಸಮಮಾಡಿ ಹಿಡಿದು ಸ್ವಲ್ಪ ಸ್ವಲ್ಪವೇ ಮುಂದೂಡಿ. ಈಳಿಗೆಯ ಜಾಣತನ ನೋಡಬೇಕಾದರೆ ಬಾಳೆದಿಂಡು ಹೆಚ್ಚಬೇಕು. ಒಂದು ಬಿಲ್ಲೆ ಕತ್ತರಿಸುವುದು, ಬಿಲ್ಲೆ ಬೇರೆಯಾಗುವಾಗ ಎಳೆಯುವ ನಾರನ್ನು ಬೆರಳಿಗೆ ಸುತ್ತಿಕೊಳ್ಳುವುದು, ಮತ್ತೆ ಮುಂದಿನ ಬಿಲ್ಲೆ. ಚಾಕು ಹಿಡಿದ ಕೈಗೆ ಈ ಬಿಡುವೆಲ್ಲಿ? ಬಿಲ್ಲೆಗಳನ್ನು ಮಜ್ಜಿಗೆ ನೀರಿಗೆ ಹಾಕಿದರೆ ಕಪ್ಪಾಗುವುದಿಲ್ಲ. ಹಲಸಿನಕಾಯಿಗೆ ಕೂರುವ ಮುಂಚೆ ಕೈಗೂ ಅಲಗಿಗೂ ಕೊಬ್ಬರಿ ಎಣ್ಣೆ ಸವರಿ, ಇಲ್ಲದಿದ್ದರೆ ಮೇಣ ಬಿಡಿಸುವುದರಲ್ಲೇ ಮಧ್ಯಾಹ್ನ. ಬೆಳ್ಳುಳ್ಳಿ, ಹಸಿಮೆಣಸಿಗೆ ಮಾತ್ರ ಚಾಕುವೇ ಸರಿ. ಬೆರಳಿಗಿಂತ ಚಿಕ್ಕದನ್ನು ಈಳಿಗೆಗೆ ಒಡ್ಡಬಾರದು.

ಕಾಯಿ ತುರಿಯುವಾಗ

ಫ್ರಿಜ್ಜಿನಲ್ಲಿಟ್ಟ ಹೋಳನ್ನು ಸ್ವಲ್ಪ ಹೊತ್ತು ಬಿಸಿನೀರಿನಲ್ಲಿಡಿ. ಅಂಚಿನಿಂದ ಶುರುಮಾಡಿ, ಚಿಪ್ಪನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ನಡುವಿಗೆ ಬನ್ನಿ. ಕಂದು ಸಿಪ್ಪೆ ಕಂಡೊಡನೆ ನಿಲ್ಲಿಸಿದರೆ ಚಟ್ನಿ ಬೆಳ್ಳಗಿರುತ್ತದೆ. ಕೈಯಿಂದ ಹಿಡಿ ತಿರುಗಿಸುವ, ತಳದಲ್ಲಿ ರಬ್ಬರ್ ಬಟ್ಟಲಿರುವ ತುರಿಯುವ ಯಂತ್ರವೂ ಸಿಗುತ್ತದೆ. ಅದರ ರಬ್ಬರಿಗೆ ನುಣುಪು ಕಲ್ಲೇ ಬೇಕು. ಒರಟು ಕಡಪಾ ಕಲ್ಲಿನ ಮೇಲೆ ಕಚ್ಚುವುದಿಲ್ಲ.

ಹಿಡಿಯ ಮಾತು

ಬೆರಳ ಗೆಣ್ಣು ನೋಯುವವರಿಗೆ ತೆಳ್ಳನೆಯ ತಗಡಿನ ಪೀಲರ್ ಹಿಡಿಯುವುದೇ ಹಿಂಸೆ. ಅಮೆರಿಕದ ಸ್ಯಾಮ್ ಫಾರ್ಬರ್ ತಮ್ಮ ಪತ್ನಿ ಬೆಟ್ಸಿ ಸಂಧಿನೋವಿನಿಂದ ಸಿಪ್ಪೆ ಸುಲಿಯಲು ಪಡುತ್ತಿದ್ದ ಪಾಡು ನೋಡಿ, 1990ರಲ್ಲಿ ದಪ್ಪನೆಯ ಮೆತ್ತನೆ ಹಿಡಿಯ ಆಕ್ಸೊ ಪೀಲರನ್ನು ಮಾರುಕಟ್ಟೆಗೆ ತಂದರು. ನೋವಿಲ್ಲದವರೂ ಅದನ್ನೇ ಕೊಂಡರು. ನಿಮ್ಮ ಹಳೆಯ ಪೀಲರಿನ ಹಿಡಿಗೆ ಸೈಕಲ್ ಹ್ಯಾಂಡಲ್ಲಿನ ರಬ್ಬರ್ ಗ್ರಿಪ್ ತೊಡಿಸಿದರೂ ಹಾಯೆನಿಸುತ್ತದೆ.

ಕೆಲಸ ಮುಗಿದ ಮೇಲೆ ಅಲಗನ್ನು ಬೆನ್ನಿನಿಂದ ಹರಿತದ ಕಡೆಗೆ ಒರೆಸಿ, ಎಂದೂ ಹರಿತದ ಉದ್ದಕ್ಕೆ ಬೆರಳು ಎಳೆಯಬೇಡಿ. ಬಾಗಿಲಿಗೆ ಯಾರಾದರೂ ಬಂದು ಕರೆಗಂಟೆ ಒತ್ತಿದರೂ ಸರಿ, ಅವರು ಎರಡು ನಿಮಿಷ ಕಾಯಲಿ. ಮೊದಲು ಅಲಗು ಮಡಚಿ.