ಗೇರ್‌ಬಾಕ್ಸ್‌ನಲ್ಲಿ ಸಾಲು ತಪ್ಪಿದ ಗೇರುಗಳ ಪತ್ತೆ

ನಾಗಪುರದ ಪಶ್ಚಿಮಕ್ಕೆ, ಅಮರಾವತಿ ರಸ್ತೆಯಲ್ಲಿರುವ ವಾಡಿಯು ಸಾರಿಗೆ ಕಂಪನಿಗಳಿಗೂ ಗೋದಾಮುಗಳಿಗೂ ಹೆಸರಾದ ಸ್ಥಳ. ನಾಗಪುರವನ್ನು ಬೆಂಗಳೂರಿನೊಡನೆ ಜೋಡಿಸುವ 44ನೆಯ ರಾಷ್ಟ್ರೀಯ ಹೆದ್ದಾರಿಯಿಂದಾಗಿ ಈ ಪ್ರದೇಶವು ಕರ್ನಾಟಕದ ಲಾರಿ ಚಾಲಕರಿಗೂ ದೂರದ್ದಲ್ಲ. ಇಂತಹ ದೀರ್ಘ ಪ್ರಯಾಣದಲ್ಲಿ, ಇಳಿಜಾರಿನಲ್ಲಿ ಗೇರು ತಾನಾಗಿಯೇ ಕಳಚಿಕೊಂಡರೆ ಎಂಜಿನ್ನಿನ ತಡೆ ತಪ್ಪಿ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಗೇರು ಹೀಗೆ ಕಳಚಲು ಇರುವ ಕಾರಣಗಳಲ್ಲಿ ಶಾಫ್ಟುಗಳು ಸಾಲು ತಪ್ಪಿರುವುದೂ ಒಂದು.

ದೋಷದ ಸ್ವರೂಪ

ಲಾರಿಯ ಗೇರ್‌ಬಾಕ್ಸ್‌ನಲ್ಲಿ ಮುಖ್ಯ ಶಾಫ್ಟ್ ಮತ್ತು ಲೇ ಶಾಫ್ಟ್ ಪರಸ್ಪರ ಸಮಾನಾಂತರವಾಗಿರಬೇಕು. ಆಗ ಮಾತ್ರ ಎದುರುಬದುರು ಗೇರುಗಳ ಹಲ್ಲುಗಳು ತಮ್ಮ ಅಗಲದ ಬಹುಭಾಗದಲ್ಲಿ ಕೂಡಿ ಭಾರವನ್ನು ಹಂಚಿಕೊಳ್ಳುತ್ತವೆ. ಬೇರಿಂಗು ಸವೆದಾಗ, ಶಾಫ್ಟು ಬಾಗಿದಾಗ ಅಥವಾ ಬೇರಿಂಗು ಕೂರುವ ರಂಧ್ರ ಹಿಗ್ಗಿದಾಗ ಈ ಸಮಾನಾಂತರ ಕೆಡುತ್ತದೆ. ಭಾರವೆಲ್ಲ ಹಲ್ಲಿನ ಒಂದು ತುದಿಗೆ ಬಿದ್ದು, ಅಲ್ಲಿ ಗುಳಿಗಳೇಳುತ್ತವೆ. ಕೊನೆಗೆ ಹಲ್ಲೇ ಮುರಿಯುತ್ತದೆ. ಕ್ಲಚ್ ಹೌಸಿಂಗಿನ ಬೋಲ್ಟುಗಳು ಸಡಿಲವಾದರೆ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಣ ಸಾಲು ತಪ್ಪುತ್ತದೆ.

ಶಬ್ದದ ಸುಳಿವು

ವಾಹನ ನಿಂತಿರುವಾಗ ಎಂಜಿನ್ ಚಾಲೂ ಮಾಡಿ, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಆಲಿಸಬೇಕು. ಕ್ಲಚ್ ಒತ್ತಿದೊಡನೆ ಶಬ್ದ ನಿಂತರೆ, ಇನ್‌ಪುಟ್ ಶಾಫ್ಟ್, ಲೇ ಶಾಫ್ಟ್ ಅಥವಾ ಅವುಗಳ ಬೇರಿಂಗುಗಳ ಮೇಲೆ ಸಂಶಯ ಪಡಬಹುದು. ಟಾಪ್ ಗೇರಿನಲ್ಲಿ ನೇರ ಚಾಲನೆಯಿರುವ ಗೇರ್‌ಬಾಕ್ಸ್‌ನಲ್ಲಿ ಆಗ ಶಕ್ತಿಯು ಲೇ ಶಾಫ್ಟಿನ ಮೂಲಕ ಹಾಯುವುದಿಲ್ಲ. ಆದುದರಿಂದ ಟಾಪ್ ಗೇರಿನಲ್ಲಿ ಶಬ್ದ ತಗ್ಗಿ ಉಳಿದ ಗೇರುಗಳಲ್ಲಿ ಹೆಚ್ಚಿದರೆ ಲೇ ಶಾಫ್ಟಿನ ಕಡೆಗೆ ಗಮನ ಹರಿಸತಕ್ಕದ್ದು. ಆದರೆ ಶಬ್ದವು ಸಂಶಯಕ್ಕೆ ಎಡೆಮಾಡಿಕೊಡುವುದೇ ಹೊರತು ತೀರ್ಪು ನೀಡುವುದಿಲ್ಲ.

ಹಲ್ಲಿನ ಗುರುತು

ಎಂಜಿನ್ ನಿಲ್ಲಿಸಿ, ಚಕ್ರಗಳಿಗೆ ಅಡ್ಡಕಟ್ಟೆ ಇಟ್ಟು, ಬ್ಯಾಟರಿಯ ತಂತಿ ಕಳಚಿದ ನಂತರವೇ ಮುಚ್ಚಳ ತೆರೆಯಬೇಕು. ಮೊದಲು ಹಳೆಯ ಎಣ್ಣೆಯನ್ನು ಪರೀಕ್ಷಿಸಬೇಕು. ಕಾಂತದ ಪ್ಲಗ್ಗಿಗೆ ಅಂಟಿದ ನಯವಾದ ಬೂದು ಪುಡಿ ಸಹಜ ಸವೆತದ ಲಕ್ಷಣ; ಲೋಹದ ಚಕ್ಕೆಗಳು ಅಪಾಯದ ಲಕ್ಷಣ. ತರುವಾಯ ಹಲ್ಲುಗಳನ್ನು ಒರೆಸಿ, ಪ್ರಷ್ಯನ್ ಬ್ಲೂ ಬಣ್ಣವನ್ನು ತೆಳುವಾಗಿ ಸವರಿ, ಸ್ವಲ್ಪ ತಡೆ ಕೊಟ್ಟು ಶಾಫ್ಟನ್ನು ಕೈಯಿಂದ ಎರಡೂ ದಿಕ್ಕಿಗೆ ನಿಧಾನವಾಗಿ ತಿರುಗಿಸಬೇಕು. ಬಣ್ಣವು ಹಲ್ಲುಗಳು ಕೂಡುವ ಜಾಗವನ್ನು ಹೀಗೆ ತೋರಿಸುತ್ತದೆ:

1. ಗುರುತು ಹಲ್ಲಿನ ನಡುಭಾಗದಿಂದ ಎರಡೂ ಕಡೆಗೆ ಹರಡಿದ್ದರೆ ಸಾಲು ಸರಿಯಿದೆ.

2. ಹಲ್ಲಿನ ಎರಡೂ ಪಾರ್ಶ್ವಗಳಲ್ಲಿ ಗುರುತು ಒಂದೇ ತುದಿಗೆ ಬಿದ್ದಿದ್ದರೆ, ಶಾಫ್ಟುಗಳು ಆ ತುದಿಯಲ್ಲಿ ಹತ್ತಿರವಾಗಿವೆ.

3. ಒಂದು ಪಾರ್ಶ್ವದಲ್ಲಿ ಒಂದು ತುದಿಗೂ ಇನ್ನೊಂದು ಪಾರ್ಶ್ವದಲ್ಲಿ ಎದುರು ತುದಿಗೂ ಬಿದ್ದಿದ್ದರೆ, ಶಾಫ್ಟುಗಳು ಒಂದಕ್ಕೊಂದು ಓರೆಯಾಗಿ ತಿರುಚಿಕೊಂಡಿವೆ.

ಕಾರಣವನ್ನು ಗೊತ್ತುಪಡಿಸುವುದು

ಗುರುತು ಓರೆಯೆಂದು ಕಂಡ ಮೇಲೆ ಬೇರಿಂಗಿನ ಸಡಿಲವನ್ನೂ ಶಾಫ್ಟಿನ ಬಾಗನ್ನೂ ಡಯಲ್ ಗೇಜಿನಿಂದ ಅಳೆಯಬೇಕು. ಕ್ಲಚ್ ಹೌಸಿಂಗಿನ ಮುಖದಲ್ಲಿ ಕೊಳೆ ಅಥವಾ ಉಬ್ಬು ಇದೆಯೇ ಎಂದೂ ನೋಡಬೇಕು. ಎಷ್ಟು ವ್ಯತ್ಯಾಸ ಸಹ್ಯವೆಂಬುದನ್ನು ತಯಾರಕರ ಕೈಪಿಡಿಯಿಂದಲೇ ತಿಳಿಯತಕ್ಕದ್ದು, ಅಂದಾಜಿನಿಂದಲ್ಲ.

ಮುರಿದ ಗೇರಿನ ಜಾಗದಲ್ಲಿ ಹೊಸ ಗೇರು ಕೂರಿಸಿ ವಾಹನವನ್ನು ರಸ್ತೆಗಿಳಿಸುವ ರೂಢಿಯುಂಟು. ಸಾಲು ತಪ್ಪಿದ ಶಾಫ್ಟಿನ ಮೇಲೆ ಹೊಸ ಗೇರೂ ಅದೇ ತುದಿಯಲ್ಲಿ ಸವೆಯುತ್ತದೆ. ಅದರ ಬೆಲೆಯನ್ನು ಮಾಲೀಕರು ಎರಡು ಬಾರಿ ತೆರಬೇಕಾದೀತು. ಇಳಿಜಾರಿನಲ್ಲಿ ಎದುರಾಗುವ ಗಂಡಾಂತರ ಮಾತ್ರ ಚಾಲಕನದು. ಆದುದರಿಂದ ಮೊದಲು ಸಾಲನ್ನು ಸರಿಪಡಿಸಿ, ಅನಂತರ ಗೇರು ಬದಲಿಸುವುದು ಕ್ಷೇಮಕರ.