ಲಿನಕ್ಸ್ ಗಣಕಯಂತ್ರದಲ್ಲಿ ಸಿ.ಡಿ.ಯನ್ನು ತೆರೆಯುವ ಕ್ರಮ

ಶಾಲೆಯ ವಾರ್ಷಿಕೋತ್ಸವ, ಮದುವೆ ಮೊದಲಾದ ಸಂದರ್ಭಗಳ ಚಿತ್ರಗಳನ್ನು ಸಿ.ಡಿ. ಡಿ.ವಿ.ಡಿ.ಗಳಲ್ಲಿ ತುಂಬಿಸಿಟ್ಟಿರುವ ಮನೆಗಳು ನಮ್ಮಲ್ಲಿ ಅನೇಕವುಂಟು. ಈಚಿನ ಗಣಕಯಂತ್ರಗಳಲ್ಲಿ ಇವನ್ನು ಓದುವ ಡ್ರೈವ್ ಪ್ರಾಯಶಃ ಇರುವುದಿಲ್ಲ. ಬಿಸಿಲು, ತೇವ, ಗೀರುಗಳಿಂದ ಸಿ.ಡಿ.ಯೂ ಕೆಡತಕ್ಕದ್ದೇ. ಆದುದರಿಂದ ಓದಲು ಅನುಕೂಲವಿರುವಾಗಲೇ ಒಳಗಿರುವುದನ್ನು ನಕಲು ಮಾಡಿಟ್ಟುಕೊಳ್ಳುವುದು ಲೇಸು.

ಯುನಿಕ್ಸ್ ವ್ಯವಸ್ಥೆಯು ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿತು. ಅದರ ಮಾದರಿಯನ್ನನುಸರಿಸಿ ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸನ್ನು ಆರಂಭಿಸಿದನು. ವಿಂಡೋಸ್‌ನಲ್ಲಿ ಪ್ರತಿಯೊಂದು ಡ್ರೈವಿಗೂ ಪ್ರತ್ಯೇಕವಾದ ಅಕ್ಷರವಿರುವುದು. ಲಿನಕ್ಸಿನಲ್ಲಿಯಾದರೋ ಎಲ್ಲಾ ಕಡತಗಳೂ ಒಂದೇ ಬೇರಿನಿಂದ ಕವಲೊಡೆದ ಮರದಂತಿರುವುವು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿರುವುದನ್ನು ನಾವು ಬಲ್ಲೆವು. ಜಿಲ್ಲೆ, ತಾಲ್ಲೂಕು, ಊರು ಎಂದು ಕ್ರಮವಾಗಿ ಹೇಳಿದರೆ ಯಾವ ಶಾಲೆಯಾದರೂ ಸಿಕ್ಕುವಂತೆ, ಇಲ್ಲಿಯೂ ಬೇರಿನಿಂದ ಹೊರಟು ಪ್ರತಿಯೊಂದು ಕಡತವನ್ನೂ ಸೇರಬಹುದು. ಹೊರಗಿನಿಂದ ಬಂದ ಸಿ.ಡಿ.ಯನ್ನು ಈ ಮರದ ಒಂದು ಕೊಂಬೆಗೆ ಕೂಡಿಸುವುದಕ್ಕೇ ‘ಮೌಂಟ್’ ಎಂದು ಹೆಸರು.

ಅನೇಕ ಯಂತ್ರಗಳಲ್ಲಿ ಈ ಕೆಲಸವು ತಾನಾಗಿಯೇ ನಡೆಯುವುದು. ನಡೆಯದಿದ್ದರೆ ಆಜ್ಞೆಯನ್ನು ಬೆರಳಚ್ಚು ಮಾಡಬೇಕು. ಮೊದಲು ಯಜಮಾನನ ಅಧಿಕಾರವನ್ನು ಕೊಡುವ ‘ಸುಡೊ’, ಆಮೇಲೆ ‘ಮೌಂಟ್’, ಬಳಿಕ ಡ್ರೈವಿನ ಹೆಸರು, ಕೊನೆಗೆ ಸಿ.ಡಿ.ಯನ್ನು ಕೂಡಿಸತಕ್ಕ ಕೋಶದ ಹೆಸರು, ಇದೇ ಕ್ರಮ. ಡ್ರೈವು ಸಾಮಾನ್ಯವಾಗಿ ‘ಡೆವ್’ ಕೋಶದಲ್ಲಿ ‘ಎಸ್‌ಆರ್೦’ ಎಂಬ ಹೆಸರಿನಿಂದಿರುವುದು. ಕೂಡಿಸುವುದಕ್ಕೆ ‘ಎಂ.ಎನ್.ಟಿ.’ ಎಂಬ ಬರಿದಾದ ಕೋಶವುಂಟು. ಕೋಶದಲ್ಲಿ ಮೊದಲೇ ಏನಾದರೂ ಇದ್ದರೆ ಅದು ಅಷ್ಟು ಹೊತ್ತು ಮರೆಯಾಗುವುದೇ ಹೊರತು ನಾಶವಾಗದು.

‘ಬರೆಯಲಾಗದು, ಓದಲು ಮಾತ್ರ’ ಎಂಬ ಅರ್ಥದ ಸೂಚನೆಯು ಕಂಡರೆ ಅಂಜಬೇಕಾದುದಿಲ್ಲ, ಅಚ್ಚಾದ ಸಿ.ಡಿ.ಯ ಸ್ವಭಾವವೇ ಅದು. ೧೯೮೮ರಲ್ಲಿ ಪ್ರಕಟವಾದ ಐ.ಎಸ್.ಓ. ೯೬೬೦ ಎಂಬ ನಿಯಮದ ದೆಸೆಯಿಂದ, ವಿಂಡೋಸ್‌ನಲ್ಲಿ ತಯಾರಾದ ಸಿ.ಡಿ.ಯೂ ಇಲ್ಲಿ ತೆರೆಯುವುದು. ಆದರೆ ಹಾಡುಗಳ ಹಳೆಯ ಸಿ.ಡಿ.ಯಲ್ಲಿ ಕಡತಗಳೇ ಇರುವುದಿಲ್ಲವಾದ್ದರಿಂದ ಅದನ್ನು ಮೌಂಟ್ ಮಾಡಲಾಗದು. ಹಾಡು ನುಡಿಸುವ ತಂತ್ರಾಂಶದಿಂದಲೇ ಕೇಳಬೇಕು. ಸಿ.ಡಿ. ಮಸುಕಾಗಿದ್ದರೆ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು, ಸುತ್ತಲೂ ತಿಕ್ಕಬಾರದು.

ನಕಲು ಮುಗಿದ ಮೇಲೆ ‘ಯುಮೌಂಟ್’ ಎಂಬ ಆಜ್ಞೆಯಿಂದ ಸಿ.ಡಿ.ಯನ್ನು ಬಿಡಿಸತಕ್ಕದ್ದು. ಅಲ್ಲಿಯವರೆಗೆ ಡ್ರೈವಿನ ಬಾಗಿಲು ಸಾಮಾನ್ಯವಾಗಿ ತೆರೆಯದು, ಬಲಾತ್ಕಾರದಿಂದ ಎಳೆಯಬಾರದು. ‘ಕೆಲಸದಲ್ಲಿದೆ’ ಎಂಬ ಉತ್ತರ ಬಂದರೆ ಆ ಕೋಶದಿಂದ ನಾವೇ ಹೊರಗೆ ಬಂದಿಲ್ಲವೆಂದೋ, ಅದರ ಕಡತವೊಂದು ತೆರೆದೇ ಇದೆಯೆಂದೋ ತಿಳಿಯಬೇಕು.

ನಕಲನ್ನು ಒಂದೇ ಕಡೆ ಇಡದೆ ಎರಡು ಕಡೆ ಇಡುವುದು ಉತ್ತಮ. ತಾಯಂದಿರು ಈ ಕ್ರಮವನ್ನು ಹೆಣ್ಣುಮಕ್ಕಳಿಗೆ ಒಂದು ಸಂಜೆ ಕಲಿಸಿಕೊಟ್ಟರೆ, ತೀರಿಹೋದ ಹಿರಿಯರ ಮುಖಗಳೂ ಮಾತುಗಳೂ ಮುಂದಿನವರಿಗೆ ಉಳಿದಾವು.