ಮೊದಲು ಕುರ್ಚಿ ತೋರಿಸು

ನಾಲ್ಕೂವರೆ ವರ್ಷ ಪುಸ್ತಕ ಅರೆದು ಕುಡಿದು, ಈಗ ಹೌಸ್ ಸರ್ಜನ್ ಆಗಿದ್ದೀಯ. ಇನ್ನು 12 ತಿಂಗಳು ವಾರ್ಡು, ಓಪಿಡಿ, ರಾತ್ರಿ ಡ್ಯೂಟಿ. ನಿನ್ನ ತಲೆ ಚುರುಕು, ಕೈ ಚುರುಕು, ನಾಲಿಗೆ ಇನ್ನೂ ಒಂದು ಗುಂಜಿ ಹೆಚ್ಚೇ ಚುರುಕು. ಮನೆಗೆ ಬಂದವನೇ ‘ಇವತ್ತೂ ಬರೀ ತಲೆಹರಟೆ ಪೇಷೆಂಟುಗಳು ತಾತಾ’ ಅಂತ ಚಪ್ಪಲಿ ಮೂಲೆಗೆ ಎಸೆಯುತ್ತೀಯಲ್ಲ, ಆ ಬಗ್ಗೆ ಎರಡು ಮಾತು ಹೇಳಬೇಕು, ಕೂತುಕೋ. ತಾಲ್ಲೂಕು ಆಸ್ಪತ್ರೆಗಳಲ್ಲೇ ತಲೆ ನರೆತವನು ನಾನು.

ನಿನ್ನ ಮುಂದೆ ಬಂದು ರೇಗುವ ಯಜಮಾನ ಬೆಳಗಿನ ಮೊದಲ ಬಸ್ಸಿಗೆ ಹೊರಟಿರುತ್ತಾನೆ. ಅವತ್ತಿನ ಕೂಲಿ ಹೋಯಿತು. ಚೀಟಿ ಮಾಡಿಸೋಕೆ ಒಂದು ಸಾಲು, ನಿನ್ನ ಬಾಗಿಲಲ್ಲಿ ಇನ್ನೊಂದು ಸಾಲು. ನಡುವೆ ‘ಅಲ್ಲಿ ಹೋಗು, ಇಲ್ಲಿ ನಿಲ್ಲಬೇಡ’ ಅಂತ ಯಾರ್ಯಾರೋ ಗದರಿರುತ್ತಾರೆ. ಇಷ್ಟೆಲ್ಲ ನುಂಗಿಕೊಂಡು ಬಂದವನ ಸಿಟ್ಟು ನಿನ್ನೆದುರು ಒಡೆಯುತ್ತೆ, ಯಾಕೆಂದರೆ ಅಷ್ಟು ಹೊತ್ತಿನಲ್ಲಿ ಅವನ ಮುಖ ನೋಡಿದವನು ನೀನೊಬ್ಬನೇ. ಮೊದಲು ಕುರ್ಚಿ ತೋರಿಸು. ‘ಕೂತ್ಕೊಳ್ಳಿ ಯಜಮಾನ್ರೇ, ಯಾವೂರು?’ ಅನ್ನು. ಕೂತವನ ದನಿ ಅರ್ಧ ಇಳಿಯುತ್ತೆ. ಆಮೇಲೆ ಬಾಯಿ ಮುಚ್ಚಿಕೊಂಡು ಕೇಳು. 1984ರಲ್ಲಿ ಅಮೆರಿಕದಲ್ಲಿ ಬೆಕ್‌ಮನ್ ಮತ್ತು ಫ್ರಾಂಕೆಲ್ ಅನ್ನೋರು ಪರೀಕ್ಷೆ ಮಾಡಿ ನೋಡಿದರು: ರೋಗಿ ಮಾತು ಶುರುಮಾಡಿ ಸರಾಸರಿ 18 ಸೆಕೆಂಡಿಗೆ ಡಾಕ್ಟರು ಬಾಯಿ ಹಾಕುತ್ತಿದ್ದರಂತೆ. ನೀನು ಅಷ್ಟು ಹೊತ್ತಾದರೂ ತಡೀತೀಯಾ? ನಾಳೆ ಗಡಿಯಾರ ನೋಡಿಕೋ.

‘ಒಂದು ಸೂಜಿ ಹಾಕಿ ಡಾಕ್ಟ್ರೇ’ ಅಂತ ಹಟ ಹಿಡಿಯೋರು ದಿನಾ ಬರ್ತಾರೆ. ನೆಗಡಿಗೆ ಸೂಜಿ ಯಾಕೆ, ವೈರಸ್ಸಿಗೆ ಆಂಟಿಬಯೋಟಿಕ್ ನಾಟೋದಿಲ್ಲ ಅನ್ನೋದು ನಿನಗೆ ಗೊತ್ತು. ಅವರ ಚಿಂತೆ ಬೇರೆ, ನಾಳೆ ಕೆಲಸಕ್ಕೆ ಹೋಗಬೇಕು. ಸೂಜಿ ಕೊಡಬೇಡ, ಆದರೆ ಬರಿಗೈಲೂ ಕಳಿಸಬೇಡ. ಸಾಮಾನ್ಯವಾಗಿ ಒಂದು ವಾರದಲ್ಲಿ ಇಳಿಯುತ್ತೆ, ಉಸಿರು ಕಟ್ಟಿದರೆ, ಜ್ವರ ಬಿಡದೇ ಹೋದರೆ ತಕ್ಷಣ ಬನ್ನಿ ಅಂತ ಬಿಡಿಸಿ ಹೇಳು. ಪಥ್ಯ ಹೇಳು. ಪಥ್ಯ ಹೇಳದವನನ್ನು ನಮ್ಮ ಜನ ಅರ್ಧ ಡಾಕ್ಟರು ಅಂತಲೇ ಲೆಕ್ಕ ಹಾಕುತ್ತಾರೆ. ‘ಬದನೆಕಾಯಿ ನಂಜಾ?’ ಅಂತ ಅಜ್ಜಿ ಕೇಳಿದರೆ ಪಕ್ಕದ ಗೆಳೆಯನ ಮುಖ ನೋಡಿ ನಗಬೇಡ. ಅಜ್ಜಿಯ ಕಣ್ಣು ನಿನಗಿಂತ ಚುರುಕು.

ನಿನ್ನನ್ನು ಹೆಚ್ಚು ಕೆಣಕೋರು ಶುಗರ್ ಇರೋರು. ರಿಪೋರ್ಟಲ್ಲಿ 300 ದಾಟಿರುತ್ತೆ, ‘ಮಾತ್ರೆ ತಪ್ಪಿಸಿಲ್ಲ’ ಅಂತಾರೆ. ನೀನು ಎಚ್‌ಬಿಎ1ಸಿ ತೋರಿಸಿ, ಮೂರು ತಿಂಗಳ ಲೆಕ್ಕ ಇಲ್ಲಿದೆ, ಸುಳ್ಳು ಹೇಳಬೇಡಿ ಅಂತ ಕಳ್ಳನನ್ನು ಹಿಡಿದ ಹಾಗೆ ಎಗರುತ್ತೀಯ. ಆಯ್ತು, ಹಿಡಿದೆ. ಶುಗರ್ ಇಳೀತಾ? ‘ಈ ವಾರದಲ್ಲಿ ಎಷ್ಟು ದಿನ ಮಾತ್ರೆ ತಪ್ಪಿತು?’ ಅಂತ ಕೇಳಿ ನೋಡು. ತಪ್ಪೋದು ಸಹಜ ಅಂತ ನೀನೇ ಒಪ್ಪಿಕೊಂಡ ಮೇಲೆ ಅವರಿಗೆ ಮುಚ್ಚಿಡೋಕೆ ಏನೂ ಇರೋದಿಲ್ಲ. ಆಗ ನಿಜ ಹೊರಬರುತ್ತೆ. ಒಬ್ಬ ಬೆಳಿಗ್ಗೆ ಗ್ಲಿಮೆಪಿರೈಡ್ ಮಾತ್ರೆ ನುಂಗಿ ಹೊಲಕ್ಕೆ ಹೋದ, ಮುದ್ದೆ ಬಂದಿದ್ದು ಹತ್ತು ಗಂಟೆಗೆ. ನಡುವೆ ಕೈ ನಡುಗಿತು, ಬೆವರು ಕಿತ್ತುಕೊಂಡಿತು, ಕಣ್ಣು ಕತ್ತಲೆ ಬಂತು. ಹೆದರಿ ಮಾತ್ರೆ ಬಿಟ್ಟ. ಹೇಳಿದರೆ ಬೈತೀಯ ಅಂತ ಮುಚ್ಚಿಟ್ಟ. ಅವನದು ದಡ್ಡತನವಲ್ಲ ಕಣೋ. ಅವನು ಯಾವಾಗ ಉಣ್ಣುತ್ತಾನೆ ಅಂತ ಯಾರೂ ಕೇಳದೇ ಬರೆದ ಚೀಟಿ ಅದು. ಮಾತ್ರೆಯನ್ನು ಗಂಟೆಗೆ ಕಟ್ಟಬೇಡ, ಊಟಕ್ಕೆ ಕಟ್ಟು. ಇನ್ನೊಂದು ಮನೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಶುಗರ್, ಒಂದೇ ಸ್ಟ್ರಿಪ್ಪನ್ನು ಹಂಚಿಕೊಂಡು ನುಂಗ್ತಾ ಇರ್ತಾರೆ. ಕೇಳದಿದ್ದರೆ ಅದು ಯಾವ ರಿಪೋರ್ಟಲ್ಲೂ ಕಾಣೋದಿಲ್ಲ.

ಸುಸ್ತು, ಸೆಳೆತ ಅಂತ ತಿಂಗಳಿಗೆರಡು ಸಲ ಬರುವ ಸೊಸೆಗೆ ‘ಏನೂ ಇಲ್ಲಮ್ಮ’ ಅಂತ ವಿಟಮಿನ್ ಬರೆದು ಸಾಗಹಾಕಬೇಡ. ರೆಪ್ಪೆ ಬಿಡಿಸಿ ನೋಡು, ರಕ್ತ ಎಷ್ಟಿದೆ ನೋಡು. ಅತ್ತೆಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸು, ಸಿಸ್ಟರ್ ಜೊತೆಗಿರಲಿ. ಅತ್ತೆಯ ಮುಂದೆ ಅವಳು ಏನು ತಾನೇ ಹೇಳಿಯಾಳು?

ಇನ್ನೆರಡು ಕಡೆ ನಿನ್ನ ಬೇಸರಕ್ಕೆ ಜೀವ ಹೋಗಬಹುದು, ಸರಿಯಾಗಿ ಕೇಳಿಸಿಕೋ. ರಾತ್ರಿ ಕುಡಿದು ಬಿದ್ದವನನ್ನು ಎತ್ತಿಕೊಂಡು ಬರ್ತಾರೆ. ವಾಸನೆಗೆ ಮೂಗು ಮುಚ್ಚಿಕೊಂಡು ‘ಇಳೀಲಿ, ಬೆಳಿಗ್ಗೆ ನೋಡೋಣ’ ಅನ್ನಬೇಡ. ಬೆರಳು ಚುಚ್ಚಿ ಶುಗರ್ ನೋಡು, ಟಾರ್ಚ್ ಹಾಕಿ ಎರಡೂ ಕಣ್ಣಿನ ಪಾಪೆ ನೋಡು, ತಲೆ ತಡವಿ ನೋಡು. ಶುಗರ್ ಇಳಿದವನೂ, ತಲೆಯೊಳಗೆ ರಕ್ತ ಸೋರುತ್ತಿರುವವನೂ ಕುಡಿದವನ ಹಾಗೇ ತೊದಲುತ್ತಾನೆ. ಇನ್ನೊಬ್ಬ, ‘ಗ್ಯಾಸ್ಟ್ರಿಕ್ಕು, ಒಂದು ಇಂಜೆಕ್ಷನ್ ಕೊಡಿ, ಬಸ್ಸಿದೆ’ ಅಂತ ಜಗಳ ತೆಗೆಯೋನು. ಬೆವರುತ್ತಿದ್ದರೆ, ಶುಗರೋ ಬೀಡಿಯೋ ಇದ್ದರೆ, ಅವನು ಬೈದರೂ ಬೈಸಿಕೋ, ಇಸಿಜಿ ಮಾಡದೇ ಬಿಡಬೇಡ. ಶುಗರ್ ಇರೋರಿಗೆ ಹಾರ್ಟ್ ಅಟ್ಯಾಕು ಎದೆನೋವೇ ಇಲ್ಲದೆಯೂ ಬರುತ್ತೆ.

ಹಾಗಂತ ಏಟು ತಿನ್ನು ಅಂತ ನಾನು ಹೇಳ್ತಿಲ್ಲ. ಗುಂಪು ಕಟ್ಟಿಕೊಂಡು ಕೈ ಎತ್ತಿ ಬಂದರೆ ವಾದಕ್ಕೆ ನಿಲ್ಲಬೇಡ, ಬಾಗಿಲ ಕಡೆ ಸರಿ, ಸೀನಿಯರನ್ನು ಕರೆ, ಪೊಲೀಸರಿಗೆ ತಿಳಿಸು. ಆಸ್ಪತ್ರೆ ಸಿಬ್ಬಂದಿ ಮೇಲಿನ ಹಲ್ಲೆಗೆ ಶಿಕ್ಷೆ ಕೊಡುವ ಕಾನೂನು ಕರ್ನಾಟಕದಲ್ಲಿ 2009ರಿಂದಲೇ ಇದೆ. ಆದರೆ ಸಾವಿನ ಸುದ್ದಿಯನ್ನು ವರಾಂಡದಲ್ಲಿ ನಿಂತು, ಫೋನ್ ನೋಡುತ್ತಾ ಹೇಳಬೇಡ. ಮನೆಯವರನ್ನು ಒಳಗೆ ಕರೆದು ಕೂರಿಸಿ, ನೀನೂ ಕೂತು ಹೇಳು. ಅವರು ಅತ್ತು ಮುಗಿಸೋ ತನಕ ಏಳಬೇಡ.

ನಾಳೆ ಸೋಮವಾರ, ಓಪಿಡಿ ಕಿಕ್ಕಿರಿದಿರುತ್ತೆ. ಈಗ ಹೋಗಿ ಮಲಗು. ಬೆಳಿಗ್ಗೆ ತಿಂಡಿ ತಿನ್ನದೇ ಮಾತ್ರ ಹೊರಡಬೇಡ, ಹಸಿವಾದರೆ ನೀನು ಎಷ್ಟು ರೇಗ್ತೀಯ ಅನ್ನೋದು ಮನೆಯವರಿಗೆಲ್ಲ ಗೊತ್ತು.